ಕೌನ್ಸೆಲರ್‌ಗೇ ಎಡಿಎಚ್‌ಡಿ ಇದ್ದರೆ? ರಿವ್ಯೂ ಮೀಟಿಂಗ್ ಸಾಕು, ಸೂಪರ್‌ವಿಷನ್ ಬೇಕು

ಕಳೆದ ವರ್ಷ ಜುಲೈ ತಿಂಗಳ ಒಂದು ಮಂಗಳವಾರ. ಕುಣಿಗಲ್‌ನಲ್ಲಿ ಒಬ್ಬ ಪಿಯು ಹುಡುಗನ ಜೊತೆ ಮುಕ್ಕಾಲು ಗಂಟೆ ಮಾತಾಡಿ, "ಶುಕ್ರವಾರ ಸಂಜೆ ಆರಕ್ಕೆ ನಾನೇ ಫೋನ್ ಮಾಡ್ತೀನಿ, ಆಯ್ತಾ?" ಅಂತ ಹೇಳಿ ತುಮಕೂರಿನ ಬಸ್ ಹತ್ತಿದ್ದೆ. ಶುಕ್ರವಾರ ಸಂಜೆ ಫೋನ್ ಮಾಡಲಿಲ್ಲ. ಮರೆತುಹೋಯಿತು. ಶನಿವಾರ ಬೆಳಗ್ಗೆ ಹಲ್ಲುಜ್ಜುವಾಗ ನೆನಪಾಗಿ ಕೈಕಾಲು ತಣ್ಣಗಾದವು. ಮೂರನೇ ಸಲಕ್ಕೆ ಅವನು ಫೋನ್ ಎತ್ತಿದ. "ನೀವೂ ಮರೀತೀರಾ ಅನ್ಕೊಂಡಿದ್ದೆ ಮೇಡಂ" ಅಂದ. ಬೈಯಲಿಲ್ಲ, ಅಳಲಿಲ್ಲ. ಅವನು ಆವತ್ತು ಕ್ಷೇಮವಾಗಿದ್ದ, ಈಗಲೂ ಇದ್ದಾನೆ. (ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.) ಆದರೆ ಆ ಮಾತು ಇನ್ನೂ ನನ್ನೊಳಗೆ ಕೂತಿದೆ.

ಸೋಮವಾರದ ರಿವ್ಯೂ ಮೀಟಿಂಗ್‌ನಲ್ಲಿ ನಾನೇ ಈ ವಿಷಯ ಎತ್ತಿದೆ. ಸಿಕ್ಕ ಉತ್ತರ ಎರಡು ವಾಕ್ಯ. "ಇಷ್ಟು ಕೇರ್‌ಲೆಸ್ ಆದ್ರೆ ಹೆಂಗಮ್ಮಾ? ಸರಿ, ರಿಜಿಸ್ಟರ್‌ನಲ್ಲಿ ಫಾಲೋಅಪ್ ಶನಿವಾರ ಅಂತ ಬರ್ಕೊಳ್ಳಿ." ಮುಂದಿನ ಐಟಂ, ತಿಂಗಳ ಟಾರ್ಗೆಟ್.

ನನಗೆ ಎಡಿಎಚ್‌ಡಿ ಇದೆ. ಅದು ಗೊತ್ತಾಗಿದ್ದು 29ನೇ ವಯಸ್ಸಿಗೆ, ಅಂದರೆ ಕೌನ್ಸೆಲರ್ ಆಗಿ ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ. ಆ ಮೀಟಿಂಗ್‌ನಲ್ಲಿ ಕೂತಿದ್ದ ಯಾರಿಗೂ ಅದು ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. 11 ತಿಂಗಳ ಕಾಂಟ್ರ್ಯಾಕ್ಟ್‌ನಲ್ಲಿ ಇರುವವರು ಇಂಥದ್ದನ್ನೆಲ್ಲ ಹೇಳಲ್ಲ.

ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಹೆಸರು ಇಲ್ಲಿ ಮುಖ್ಯವಲ್ಲ. ಮೂರು ದಿನ ತುಮಕೂರು ನಗರ, ಒಂದು ದಿನ ಗುಬ್ಬಿ, ಒಂದು ದಿನ ಕುಣಿಗಲ್ ಸುತ್ತುವ ಕೆಲಸ ನನ್ನದು. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಉಳಿಯಿತು, ಅಷ್ಟೇ ಬದಲಾವಣೆ. ಈ ಮೂರೂ ಊರುಗಳಲ್ಲಿ ಪರಿಚಯವಾದ ಕೌನ್ಸೆಲರ್‌ಗಳಿಗೆ ನಾನು ಒಂದು ಪ್ರಶ್ನೆ ಕೇಳುತ್ತಾ ಬಂದಿದ್ದೇನೆ: "ನಿಮ್ಮ ಸೂಪರ್‌ವೈಸರ್ ಯಾರು?" ಬಹುತೇಕರು ತಮ್ಮ ಬಾಸ್ ಹೆಸರು ಹೇಳುತ್ತಾರೆ. ಸಮಸ್ಯೆ ಅಲ್ಲಿಂದಲೇ ಶುರು.

ಮೇಲ್ವಿಚಾರಣೆ ಅಂದರೆ ಹಾಜರಿ ಪುಸ್ತಕವಲ್ಲ

ನಮ್ಮಲ್ಲಿ 'ಮೇಲ್ವಿಚಾರಕ' ಅಂದರೆ ಕೆಲಸ ಆಯ್ತಾ ಇಲ್ವಾ ಅಂತ ನೋಡುವವರು. ಕೌನ್ಸೆಲಿಂಗ್ ವೃತ್ತಿಯಲ್ಲಿ ಸೂಪರ್‌ವಿಷನ್ ಅನ್ನುವುದಕ್ಕೆ ಬೇರೆಯದೇ ಅರ್ಥವಿದೆ. ಅನುಭವಿ ಕೌನ್ಸೆಲರ್ ಒಬ್ಬರ ಜೊತೆ ನಿಯಮಿತವಾಗಿ ಕೂತು, ನೀವು ನೋಡುತ್ತಿರುವ ಕೇಸುಗಳನ್ನು ಗುಟ್ಟು ಕಾಪಾಡಿಕೊಂಡು ಬಿಚ್ಚಿಡುವುದು. ಎಲ್ಲಿ ಎಡವಿದೆ, ಯಾವ ಕ್ಲೈಂಟ್ ನನ್ನನ್ನು ಕಾಡುತ್ತಿದ್ದಾರೆ, ಯಾರನ್ನು ಮನೋವೈದ್ಯರ ಹತ್ತಿರ ಕಳಿಸಬೇಕಿತ್ತು ಅಂತ ಮಾತಾಡುವುದು. ಬ್ರಿಟನ್ನಿನ ಬ್ರಿಜಿಡ್ ಪ್ರಾಕ್ಟರ್ 1980ರ ದಶಕದಲ್ಲಿ ಇದರ ಮೂರು ಕೆಲಸಗಳನ್ನು ಗುರುತಿಸಿದರು: ಕಲಿಸುವುದು, ವೃತ್ತಿಯ ನೀತಿ-ಗುಣಮಟ್ಟ ಕಾಯುವುದು, ದಣಿದ ಮನಸ್ಸಿಗೆ ಮತ್ತೆ ಚೇತನ ಕೊಡುವುದು. ಅಮೆರಿಕದಲ್ಲಿ ಆಲ್ಫ್ರೆಡ್ ಕಡುಶಿನ್ ಸಮಾಜಕಾರ್ಯಕರ್ತರ ವಿಷಯದಲ್ಲಿ 1970ರ ದಶಕದಲ್ಲೇ ಆಡಳಿತ, ಶಿಕ್ಷಣ, ಬೆಂಬಲ ಅಂತ ಮೂರು ಭಾಗ ಮಾಡಿದ್ದರು. ನಮ್ಮ ಜಿಲ್ಲೆಯಲ್ಲಿ ಉಳಿದುಕೊಂಡಿರುವುದು ಆಡಳಿತ ಒಂದೇ.

ಬ್ರಿಟನ್ನಿನ ಕೌನ್ಸೆಲರ್‌ಗಳ ದೊಡ್ಡ ವೃತ್ತಿಸಂಘವಾದ ಬಿಎಸಿಪಿ ತನ್ನ ಮಾನ್ಯತೆ ಪಡೆದ ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಕಡ್ಡಾಯ ಮಾಡಿದೆ. ಇಪ್ಪತ್ತು ವರ್ಷ ಅನುಭವ ಇದ್ದರೂ ಬಿಡುಗಡೆ ಇಲ್ಲ. ನಮ್ಮಲ್ಲೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವವರು ತರಬೇತಿಯ ಉದ್ದಕ್ಕೂ ಹಿರಿಯರ ಕೈಕೆಳಗೆ ಕೇಸ್ ನೋಡಿಯೇ ಹೊರಬರುತ್ತಾರೆ. ಆದರೆ ಎಂಎಸ್‌ಡಬ್ಲ್ಯೂ ಅಥವಾ ಸೈಕಾಲಜಿ ಎಂಎ ಮುಗಿಸಿ ನೇರ ಫೀಲ್ಡ್‌ಗೆ ಇಳಿಯುವ ನನ್ನಂಥವರಿಗೆ ಮೂರು ದಿನದ ಇಂಡಕ್ಷನ್, ಒಂದು ಮಾಡ್ಯೂಲ್ ಪುಸ್ತಕ, ಒಂದು ರಿಜಿಸ್ಟರ್ ಸಿಗುತ್ತದೆ. ಗುಬ್ಬಿ ವೀರಣ್ಣನವರ ಕಂಪನಿ ಹುಟ್ಟಿದ ಸೀಮೆ ಇದು. ತಾಲೀಮು ಇಲ್ಲದೆ ಒಬ್ಬ ನಟನನ್ನು ರಂಗಕ್ಕೆ ಬಿಡಲ್ಲ ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ಸಾಯಬೇಕು ಅಂದುಕೊಂಡಿರುವ ಹುಡುಗಿಯ ಎದುರಿಗೆ ಮಾತ್ರ ತಾಲೀಮು ಇಲ್ಲದವರನ್ನು ಕೂರಿಸುತ್ತೇವೆ.

ಯಾರು ಈ ಕೌನ್ಸೆಲರ್‌ಗಳು?

2011ರ ಜನಗಣತಿಯ ಪ್ರಕಾರವೇ ತುಮಕೂರು ಜಿಲ್ಲೆಯ ಜನಸಂಖ್ಯೆ ಸುಮಾರು 26.8 ಲಕ್ಷ, 10 ತಾಲ್ಲೂಕು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೇಶದಲ್ಲಿ ಬೇರೆ ಬೇರೆ ಮಾನಸಿಕ ಸಮಸ್ಯೆಗಳಿರುವ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಅಂದಿತ್ತು. ಈ ಕಂದರವನ್ನು ಮನೋವೈದ್ಯರು ಒಬ್ಬರೇ ತುಂಬಲಾಗಲ್ಲ. ಹಾಗಾಗಿ ಕೌನ್ಸೆಲರ್‌ಗಳ ಒಂದು ದೊಡ್ಡ ಪಡೆಯೇ ಬೆಳೆದಿದೆ. ಹದಿಹರೆಯದವರ ಸ್ನೇಹ ಕ್ಲಿನಿಕ್‌ಗಳಲ್ಲಿ, ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೇಂದ್ರಗಳಲ್ಲಿ, ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗಾಗಿ ಇರುವ ಸಾಂತ್ವನ ಮತ್ತು ಸಖಿ ಕೇಂದ್ರಗಳಲ್ಲಿ, ಎನ್‌ಜಿಒಗಳಲ್ಲಿ, ಖಾಸಗಿ ಕಾಲೇಜುಗಳಲ್ಲಿ ಇವರಿದ್ದಾರೆ. ರಾಜ್ಯದ ಯುವಜನ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಯುವ ಸ್ಪಂದನದಲ್ಲಿ 'ಯುವ ಸಮಾಲೋಚಕರು', 'ಯುವ ಪರಿವರ್ತಕರು' ಅಂತ ತರಬೇತಾದ ಯುವಜನರೇ ಯುವಜನರಿಗೆ ಮಾರ್ಗದರ್ಶನ ಮಾಡುತ್ತಾರೆ. ಇದರ ಜೊತೆಗೆ ಕರಿಯರ್ ಕೋಚ್, ಲೈಫ್ ಕೋಚ್, ಪ್ಲೇಸ್‌ಮೆಂಟ್ ಕೋಚ್‌ಗಳು. ಇವರಿಗಂತೂ ನೋಂದಣಿಯೂ ಇಲ್ಲ, ಕೇಳುವವರೂ ಇಲ್ಲ. ಬೋರ್ಡ್ ಹಾಕಿದವರೇ ಕೋಚ್.

ಈಗ ಈ ಪಡೆ ಇನ್ನೂ ದೊಡ್ಡದಾಗಬೇಕಿದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಮಾರ್ಗಸೂಚಿಗಳನ್ನು ಹೊರಡಿಸಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರನ್ನು ನೇಮಿಸಬೇಕು ಅಂತ ಅದರಲ್ಲಿದೆ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂಬ ಎನ್‌ಸಿಆರ್‌ಬಿ ಲೆಕ್ಕ ಈ ತೀರ್ಪಿನ ಹಿಂದಿದೆ. ಸ್ವಾಗತಿಸಬೇಕಾದ ತೀರ್ಪು. ತುಮಕೂರಿನಂಥ ಹಾಸ್ಟೆಲ್-ಕಾಲೇಜುಗಳ ಊರಿನಲ್ಲಿ ಎಷ್ಟು ಕೌನ್ಸೆಲರ್‌ಗಳು ಬೇಕಾದಾರು, ನೀವೇ ಲೆಕ್ಕ ಹಾಕಿ. ಆದರೆ ನಮ್ಮ ಚರ್ಚೆ 'ನೇಮಿಸಬೇಕು' ಎಂಬಲ್ಲಿಗೆ ನಿಂತುಬಿಟ್ಟಿದೆ. ನೇಮಕವಾದವರ ಕೈ ಹಿಡಿಯುವವರು ಯಾರು ಅಂತ ಯಾರೂ ಕೇಳುತ್ತಿಲ್ಲ.

ನ್ಯೂರೋಡೈವರ್ಜೆಂಟ್ ಕೌನ್ಸೆಲರ್ ಅಂದರೆ

ಎಡಿಎಚ್‌ಡಿ, ಆಟಿಸಂ, ಡಿಸ್ಲೆಕ್ಸಿಯಾ ಮುಂತಾದವನ್ನು ಬರೀ ರೋಗ ಅಂತ ನೋಡದೆ ಮೆದುಳು ಕೆಲಸ ಮಾಡುವ ಬೇರೆ ಬೇರೆ ರೀತಿಗಳು ಅಂತ ನೋಡುವ ವಿಚಾರ 1990ರ ದಶಕದಲ್ಲಿ ಆಟಿಸಂ ಇರುವವರ ಗುಂಪುಗಳಲ್ಲೇ ರೂಪುಗೊಂಡಿತು. ಕನ್ನಡದಲ್ಲಿ ಕೆಲವರು ನರವೈವಿಧ್ಯ ಅನ್ನುತ್ತಾರೆ. ಇಂಥವರು ಕ್ಲೈಂಟ್ ಕುರ್ಚಿಯಲ್ಲಿ ಮಾತ್ರ ಇರುತ್ತಾರೆ ಅಂತ ನಾವು ಅಂದುಕೊಂಡಿದ್ದೇವೆ. ಎದುರು ಕುರ್ಚಿಯಲ್ಲೂ ಇದ್ದೇವೆ. ಬಾಲ್ಯದಲ್ಲಿ 'ಮಂಕು', 'ಸೋಮಾರಿ', 'ಎಲ್ಲೋ ನೋಡ್ತಾಳೆ' ಅಂತ ಅನ್ನಿಸಿಕೊಂಡು ಬೆಳೆದವರಿಗೆ ಇನ್ನೊಬ್ಬರ ಒದ್ದಾಟ ಬೇಗ ಕಾಣುತ್ತದೆ. ಈ ವೃತ್ತಿಗೆ ಬರುವುದಕ್ಕೆ ಅದೂ ಒಂದು ಕಾರಣ.

"ಆಟಿಸಂ ಇರೋರಿಗೆ ಎಂಪಥಿ ಇರಲ್ವಲ್ಲ, ಅವರು ಹೆಂಗೆ ಕೌನ್ಸೆಲರ್ ಆಗ್ತಾರೆ?" ಇದು ನಾನು ತರಬೇತಿಗಳಲ್ಲೇ ಕೇಳಿರುವ ಪ್ರಶ್ನೆ. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ಇದಕ್ಕೆ ತಿರುಗೇಟು ಕೊಟ್ಟರು. ಅವರದ್ದು 'ಡಬಲ್ ಎಂಪಥಿ' ವಾದ. ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗುವುದು ಕಷ್ಟವಾದಷ್ಟೇ, ಉಳಿದವರಿಗೂ ಅವರು ಅರ್ಥವಾಗುವುದು ಕಷ್ಟ. ಕೊರತೆ ಒಂದು ಕಡೆಯದ್ದಲ್ಲ, ಇಬ್ಬರ ನಡುವಿನದ್ದು. ಕೌನ್ಸೆಲರ್ ಮತ್ತು ಸೂಪರ್‌ವೈಸರ್ ನಡುವೆಯೂ ಇದೇ ಆಗುತ್ತದೆ. ಕಣ್ಣಿಗೆ ಕಣ್ಣಿಟ್ಟು ಮಾತಾಡದ ಕೌನ್ಸೆಲರ್‌ಗೆ 'ಆಸಕ್ತಿ ಇಲ್ಲ' ಅಂತ ಅಂಕ ಕಡಿಮೆ ಬೀಳುತ್ತದೆ. ಎದುರಿಗೆ ಕೂತ ಹುಡುಗನಿಗೆ ಅದೇ ಆರಾಮ ಅನ್ನಿಸಿರಬಹುದು ಅಂತ ಯಾರೂ ವಿಚಾರಿಸುವುದಿಲ್ಲ.

ನನ್ನ ಕಷ್ಟಗಳನ್ನು ಮುಚ್ಚಿಡಲ್ಲ. ಕ್ಲೈಂಟ್ ಎದುರಿಗಿದ್ದಾಗ ನನ್ನ ಗಮನ ಅಲ್ಲಾಡಲ್ಲ. ಅವರು ಎದ್ದು ಹೋದ ಮೇಲಿನ ಕೆಲಸಗಳು ನನ್ನ ಕೈಯಿಂದ ಜಾರುತ್ತವೆ: ಕೇಸ್ ನೋಟ್ಸ್, ತಾರೀಕು, ಫಾಲೋಅಪ್, ಎಕ್ಸೆಲ್ ಶೀಟ್. ನಡೆದಾಡುತ್ತಾ ಬಾಯಲ್ಲಿ ಹೇಳಿದ ಸೂಚನೆ ಹತ್ತು ನಿಮಿಷಕ್ಕೆ ಆವಿಯಾಗುತ್ತದೆ. ಹನ್ನೆರಡು ಜನರ ಎದುರು ತಪ್ಪು ಎತ್ತಿ ಆಡಿದರೆ ಎರಡು ದಿನ ತಲೆ ಕೆಲಸ ಮಾಡಲ್ಲ. ನನ್ನ ಗೆಳತಿಯೊಬ್ಬಳಿಗೆ ಆಟಿಸಂ ಇದೆ, ಅವಳಿಗೆ ಇದಕ್ಕೆ ಪೂರ್ತಿ ಉಲ್ಟಾ. ನೋಟ್ಸ್ ಅಚ್ಚುಕಟ್ಟು, ಆದರೆ ಮುನ್ಸೂಚನೆ ಇಲ್ಲದೆ ಗುಬ್ಬಿ ಡ್ಯೂಟಿಯನ್ನು ಕುಣಿಗಲ್‌ಗೆ ಬದಲಿಸಿದರೆ ಆ ದಿನವೇ ಮುಗಿದಂತೆ. ಇಬ್ಬರಿಗೂ ಒಂದೇ ಹಣೆಪಟ್ಟಿ: 'ಪ್ರೊಫೆಷನಲ್ ಅಲ್ಲ.'

ಇದನ್ನು ಮುಚ್ಚಿಡುವುದಕ್ಕೆ ನಾವು ಪಡುವ ಪಾಡು ಇನ್ನೊಂದು. ದಿನವಿಡೀ 'ಸರಿಯಾದವರ' ಹಾಗೆ ನಟಿಸಿ ಸಂಜೆ ಬಸ್‌ನಲ್ಲಿ ಕೂತಾಗ ಮೈಯಲ್ಲಿ ಕಸುವಿರಲ್ಲ. ಆ ದಣಿವಿನಲ್ಲೇ ಶುಕ್ರವಾರದ ಫೋನ್ ಮರೆತುಹೋಗುವುದು.

ಏನು ಬದಲಾಯಿತು

ಆ ಘಟನೆಯಾದ ಮೇಲೆ ಕೆಲಸ ಬಿಡೋಣ ಅಂತ ಹೊರಟಿದ್ದೆ. ಒಬ್ಬ ಹಿರಿಯ ಕೌನ್ಸೆಲರ್, ನನ್ನ ಸಂಸ್ಥೆಯವರಲ್ಲ, "ಬಿಡೋದು ಆಮೇಲೆ ನೋಡೋಣ, ಹದಿನೈದು ದಿನಕ್ಕೊಂದು ಸಲ ಒಂದು ಗಂಟೆ ಮಾತಾಡೋಣ" ಅಂದರು. ಅವರು ಮೊದಲ ದಿನ ಕೇಳಿದ್ದು 'ಯಾಕೆ ಮರೆತೆ' ಅಂತಲ್ಲ. "ಫೋನ್ ಮಾಡ್ತೀನಿ ಅಂದ ಕ್ಷಣದಿಂದ ಶುಕ್ರವಾರ ಆರು ಗಂಟೆವರೆಗೆ ಆ ಮಾತು ಎಲ್ಲೆಲ್ಲಿ ಇತ್ತು?" ಅಂತ ಕೇಳಿದರು. ಉತ್ತರ ಸರಳವಾಗಿತ್ತು. ನನ್ನ ತಲೆಯಲ್ಲಿ ಮಾತ್ರ ಇತ್ತು. ಎಡಿಎಚ್‌ಡಿ ಇರುವವರು ಒಂದು ಜೀವದ ವಿಷಯವನ್ನು ತಲೆಯೊಂದರಲ್ಲೇ ಇಟ್ಟುಕೊಳ್ಳಬಾರದು.

ಈಗ ನಿಯಮ ಹೀಗಿದೆ. ಕ್ಲೈಂಟ್ ಎದ್ದು ಹೋಗುವ ಮೊದಲೇ, ಅವರ ಎದುರಿಗೇ ಮೊಬೈಲ್‌ನಲ್ಲಿ ಅಲಾರಂ ಇಡುತ್ತೇನೆ. ಆತ್ಮಹತ್ಯೆಯ ಅಪಾಯ ಇರುವ ಯಾವ ಕೇಸಿನ ಫಾಲೋಅಪ್ ಕೂಡ ನನ್ನೊಬ್ಬಳ ಮೇಲೆ ನಿಂತಿರಬಾರದು, ಇನ್ನೊಬ್ಬ ಕೌನ್ಸೆಲರ್‌ಗೆ ತಾರೀಕು ಗೊತ್ತಿರಲೇಬೇಕು. ಟೆಲಿ-ಮಾನಸ್‌ನ 14416 ನಂಬರನ್ನು ಕ್ಲೈಂಟ್ ಕೈಯಲ್ಲೇ ಸೇವ್ ಮಾಡಿಸುತ್ತೇನೆ. ಎರಡು ಸೆಷನ್ ನಡುವೆ 15 ನಿಮಿಷ ಬಿಡುವು, ನೋಟ್ಸ್ ಆಗಲೇ ಬರೆಯಬೇಕು. ಬರೆಯಲು ಆಗದಿದ್ದರೆ ಹೆಸರು, ಗುರುತು ಬಿಟ್ಟು ವಾಯ್ಸ್‌ನಲ್ಲಿ ಹೇಳಿ ಆಮೇಲೆ ಬರೆದು, ವಾಯ್ಸ್ ಅಳಿಸಬೇಕು. ವಾರಕ್ಕೊಂದು ಸಲ ಇಬ್ಬರು ಗೆಳತಿಯರು ವಿಡಿಯೋ ಕಾಲ್ ಹಾಕಿಕೊಂಡು, ಮಾತಾಡದೆ, ಅವರವರ ಬಾಕಿ ಕೆಲಸ ಮುಗಿಸುತ್ತೇವೆ. ಸೂಪರ್‌ವಿಷನ್‌ಗೆ ಮೊದಲು ಅವರು ಎರಡು ಪ್ರಶ್ನೆ ಬರೆದು ಕಳಿಸುತ್ತಾರೆ, ಮುಗಿದ ಮೇಲೆ ಮೂರು ಸಾಲಿನ ಸಾರಾಂಶ. ಕ್ಯಾಮೆರಾ ಆನ್ ಮಾಡಲೇಬೇಕು ಅಂತ ಇಲ್ಲ. ನಡೆದಾಡುತ್ತಾ ಮಾತಾಡಬಹುದು.

ಇದರಲ್ಲಿ ಯಾವುದಕ್ಕೂ ದೊಡ್ಡ ದುಡ್ಡು ಬೇಕಿಲ್ಲ. ಕೇಸಿನ ವಿಷಯಗಳಲ್ಲಿ ಅವರು ನನ್ನನ್ನು ಸುಮ್ಮನೆ ಬಿಡುವುದೂ ಇಲ್ಲ. ಒಂದು ಕೇಸಿನಲ್ಲಿ ನಾನು ಮಿತಿ ಮೀರಿ ಸಲಹೆ ಕೊಟ್ಟಿದ್ದೆ, ನೇರವಾಗಿ ಹೇಳಿದರು. ಬೆಂಬಲ ಅಂದರೆ ಬೆನ್ನು ತಟ್ಟುವುದು ಮಾತ್ರ ಅಲ್ಲ. ತಪ್ಪನ್ನು ಹೇಳಿಕೊಳ್ಳಲು ಭಯವಿಲ್ಲದ ಜಾಗ ಇದ್ದರೆ ತಪ್ಪುಗಳು ಹೊರಗೆ ಬರುತ್ತವೆ, ಇಲ್ಲದಿದ್ದರೆ ರಿಜಿಸ್ಟರ್‌ನಲ್ಲಿ 'ಶನಿವಾರ' ಅಂತ ತಿದ್ದಿಕೊಳ್ಳುತ್ತವೆ.

"ಹಾಗಾದ್ರೆ ಕ್ಲೈಂಟ್ ಗತಿ?"

ಈ ಪ್ರಶ್ನೆ ನ್ಯಾಯವಾದದ್ದು. ಫಾಲೋಅಪ್ ಮರೆಯುವವರು ಈ ಕೆಲಸದಲ್ಲಿ ಇರಬೇಕಾ? ನಾನೇ ನನಗೆ ಹಲವು ಸಲ ಕೇಳಿಕೊಂಡಿದ್ದೇನೆ. ನನ್ನ ಉತ್ತರ: ಬೆಂಬಲ ಕೊಟ್ಟ ಮೇಲೂ ಕ್ಲೈಂಟ್‌ಗೆ ತೊಂದರೆ ಆಗುತ್ತಿದ್ದರೆ ಇರಬಾರದು. ಕ್ಲೈಂಟ್ ಸುರಕ್ಷತೆ ನನ್ನ ಹಕ್ಕಿಗಿಂತ ಮೊದಲು. ಆದರೆ ಅದನ್ನು ತೀರ್ಮಾನ ಮಾಡಬೇಕಾದರೂ ಒಬ್ಬ ಸೂಪರ್‌ವೈಸರ್ ನನ್ನ ಕೆಲಸವನ್ನು ಹತ್ತಿರದಿಂದ ನೋಡಿರಬೇಕಲ್ಲ? ಈಗ ಇರುವ ವ್ಯವಸ್ಥೆಯಲ್ಲಿ ಯಾರ ಕೆಲಸವನ್ನೂ ಯಾರೂ ನೋಡುತ್ತಿಲ್ಲ. ಎಡಿಎಚ್‌ಡಿ ಇಲ್ಲದ, ನೋಟ್ಸ್ ಚೆನ್ನಾಗಿ ಬರೆಯುವ, ಆದರೆ ಹೊಡೆಸಿಕೊಂಡು ಬಂದ ಹೆಂಗಸಿಗೆ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುವ ಕೌನ್ಸೆಲರ್ ಕೂಡ ಅದೇ ರಿಜಿಸ್ಟರ್‌ನಲ್ಲಿ ಪಾಸಾಗುತ್ತಾರೆ.

ಇನ್ನೊಂದು ಆಕ್ಷೇಪ: "ಯಾರಿಗೂ ಸೂಪರ್‌ವಿಷನ್ ಇಲ್ಲ, ನಿಮಗೇನು ಸ್ಪೆಷಲ್ಲು?" ಒಪ್ಪುತ್ತೇನೆ, ಎಲ್ಲರಿಗೂ ಬೇಕು. ಮೊದಲೇ ಬರೆದು ಕಳಿಸಿದ ಪ್ರಶ್ನೆ, ಸೆಷನ್ ನಡುವಿನ ಬಿಡುವು, ಅಪಾಯದ ಕೇಸಿಗೆ ಇಬ್ಬರ ಜವಾಬ್ದಾರಿ ಯಾವ ಕೌನ್ಸೆಲರ್‌ಗೆ ಬೇಡ? ಇಳಿಜಾರು ಕಟ್ಟಿದ್ದು ಗಾಲಿಕುರ್ಚಿಗಾದರೂ ಅದನ್ನು ಬಾಣಂತಿಯೂ ಅಜ್ಜನೂ ಬಳಸುತ್ತಾರೆ.

ಕಾನೂನು ಇದೆ, ಕಾಂಟ್ರ್ಯಾಕ್ಟ್ ಅಡ್ಡ ಇದೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ಆಟಿಸಂ ಮತ್ತು ಕಲಿಕಾ ನ್ಯೂನತೆ ಅದರಲ್ಲಿವೆ. ಎಡಿಎಚ್‌ಡಿ ಹೆಸರು ಹೇಳಿ ಸೇರಿಸಿಲ್ಲ. ಆದರೆ ಕಾಯ್ದೆಯ ವ್ಯಾಖ್ಯಾನ ಪಟ್ಟಿಗಿಂತ ದೊಡ್ಡದು. ದೀರ್ಘಕಾಲದ ನ್ಯೂನತೆಯೊಂದು ಸಮಾಜದ ಅಡೆತಡೆಗಳ ಜೊತೆ ಸೇರಿ ಒಬ್ಬರ ಸಮಾನ ಭಾಗವಹಿಸುವಿಕೆಯನ್ನು ತಡೆದರೆ ಅವರು ಈ ಕಾಯ್ದೆಯೊಳಗೆ ಬರುತ್ತಾರೆ. ಸರ್ಕಾರಿ ಸಂಸ್ಥೆಗಳು ಅಂಥ ನೌಕರರಿಗೆ 'ಸಮಂಜಸ ಹೊಂದಾಣಿಕೆ' ಮಾಡಿಕೊಡಲೇಬೇಕು ಅಂತ ಸೆಕ್ಷನ್ 20 ಹೇಳಿದರೆ, ಸಮಾನ ಅವಕಾಶ ನೀತಿ ಪ್ರಕಟಿಸುವ ಹೊಣೆಯನ್ನು ಸೆಕ್ಷನ್ 21 ಖಾಸಗಿಯವರ ಮೇಲೂ ಹೊರಿಸುತ್ತದೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೊಂದಾಣಿಕೆ ಪಡೆಯಲು ಶೇ. 40ರ ಸರ್ಟಿಫಿಕೇಟ್ ಬೇಕೇಬೇಕು ಅನ್ನುವ ವಾದವನ್ನು ಒಪ್ಪಲಿಲ್ಲ. ಅಲ್ಲಿ ಅರ್ಜಿದಾರರಿಗಿದ್ದದ್ದು ಬರೆಯುವಾಗ ಕೈ ಸೆಳೆತ, ಕೇಳಿದ್ದು ಪರೀಕ್ಷೆಗೆ ಲಿಪಿಕಾರರನ್ನು. ಅದೇ ತತ್ವ ನಮಗೂ ಅನ್ವಯಿಸಬೇಕು.

ಕಾಗದದ ಮೇಲೆ ಇಷ್ಟು ಇದೆ. ಆದರೆ ಹಕ್ಕು ಕೇಳಬೇಕಾದರೆ ಮೊದಲು 'ನನಗೆ ಹೀಗಿದೆ' ಅಂತ ಹೇಳಬೇಕು. ಹೇಳಿದರೆ ಮಾರ್ಚ್‌ನಲ್ಲಿ ಕಾಂಟ್ರ್ಯಾಕ್ಟ್ ರಿನ್ಯೂ ಆಗುತ್ತಾ? ಆಗಲಿಲ್ಲ ಅಂದರೆ ಕಾರಣ ಕೊಡಬೇಕಾಗಿಲ್ಲ. ಇನ್ನು ಹೇಳಬೇಕಾದರೆ ಮೊದಲು ಗೊತ್ತಿರಬೇಕು. ದೊಡ್ಡವರಲ್ಲಿ ಎಡಿಎಚ್‌ಡಿ, ಆಟಿಸಂ ಗುರುತಿಸುವವರನ್ನು ಹುಡುಕಿಕೊಂಡು ನಾನು ಬೆಂಗಳೂರಿಗೆ ಹೋದವಳು. ರಜೆ, ಫೀಸು, ಇಂಗ್ಲಿಷ್ ಪ್ರಶ್ನಾವಳಿ, 'ಬಾಲ್ಯದಲ್ಲಿ ಹೇಗಿದ್ದಳು' ಅಂತ ಹೇಳಲು ಅಪ್ಪ-ಅಮ್ಮ ಎಲ್ಲ ಬೇಕು. ಕೂಲಿ ಮಾಡುವ ಅಮ್ಮ ಒಂದು ದಿನದ ಸಂಬಳ ಬಿಟ್ಟು ನನ್ನ ಜೊತೆ ಬಂದಳು. ಬರಲಾಗದ ಅಮ್ಮಂದಿರ ಮಕ್ಕಳಿಗೆ ಡಯಾಗ್ನೋಸಿಸ್ ಇರಲ್ಲ, 'ಕೇರ್‌ಲೆಸ್' ಎಂಬ ಬಿರುದು ಮಾತ್ರ ಇರುತ್ತದೆ. ಆದ್ದರಿಂದಲೇ ಬೆಂಬಲವನ್ನು ಸರ್ಟಿಫಿಕೇಟ್‌ಗೆ ಕಟ್ಟಿಹಾಕಬಾರದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 'ಮಾನಸಿಕ ಆರೋಗ್ಯ ವೃತ್ತಿಪರರು' ಎಂಬ ವ್ಯಾಖ್ಯಾನದಲ್ಲಿ ಕೌನ್ಸೆಲರ್‌ಗಳ ಹೆಸರಿಲ್ಲ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಕೌನ್ಸೆಲರ್‌ಗಳನ್ನೂ ಸಮಾಜಕಾರ್ಯಕರ್ತರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಆ ಕಾಯ್ದೆಯಡಿ ನಿಯಮ ಬರೆಯುವಾಗ ಸೂಪರ್‌ವಿಷನ್ ಸೇರಿಸಿದರೆ ಸೇರಿತು, ಇಲ್ಲದಿದ್ದರೆ ಇನ್ನೊಂದು ತಲೆಮಾರು ರಿಜಿಸ್ಟರ್ ತುಂಬಿಕೊಂಡು ಕೂರುತ್ತದೆ.

ತುಮಕೂರಿನಿಂದಲೇ ಶುರು ಮಾಡಬಹುದು

ಇದು ಆಗದ ಕೆಲಸ ಅಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಅವರ ಊರಿನಲ್ಲೇ ನೋಡಿಕೊಳ್ಳುವ ನಿಮ್ಹಾನ್ಸ್‌ನ ಸಮುದಾಯ ಕಾರ್ಯಕ್ರಮ ನಮ್ಮದೇ ಜಿಲ್ಲೆಯ ತುರುವೇಕೆರೆಯಲ್ಲಿ ನಡೆದಿದೆ. ಮನೋಚೈತನ್ಯ ಯೋಜನೆ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ತಂದಿದೆ. ತಜ್ಞರು ತಾಲ್ಲೂಕಿಗೆ ಬರಬಹುದಾದರೆ ಸೂಪರ್‌ವಿಷನ್ ಯಾಕೆ ಬರಬಾರದು?

ಮೊದಲನೆಯದಾಗಿ, ಸರ್ಕಾರದ ದುಡ್ಡಲ್ಲಿ ನಡೆಯುವ ಪ್ರತಿ ಕೌನ್ಸೆಲರ್ ಹುದ್ದೆಗೂ ತಿಂಗಳಿಗೆ ಒಂದೂವರೆ ಗಂಟೆಯಾದರೂ ಸೂಪರ್‌ವಿಷನ್ ಅನ್ನು ಕೆಲಸದ ಸಮಯದಲ್ಲೇ, ಸಂಬಳದ ಒಳಗೇ ಕೊಡಬೇಕು. ಕಾಲೇಜುಗಳಿಗೂ ಇದೇ ಷರತ್ತು ಹಾಕಬೇಕು. ಎರಡನೆಯದು, ಸೂಪರ್‌ವೈಸರ್ ಮತ್ತು ಕಾಂಟ್ರ್ಯಾಕ್ಟ್ ರಿನ್ಯೂ ಮಾಡುವವರು ಒಬ್ಬರೇ ಆಗಿರಬಾರದು. ಮೂರನೆಯದು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ತುಮಕೂರು ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗ ಸೇರಿ ಗುಬ್ಬಿ, ಕುಣಿಗಲ್, ತುಮಕೂರಿಗೆ ಒಂದೊಂದು ಗುಂಪು ಸೂಪರ್‌ವಿಷನ್ ನಡೆಸಬಹುದು, ಕನ್ನಡದಲ್ಲಿ. ನಾಲ್ಕನೆಯದು, ಸೂಪರ್‌ವೈಸರ್‌ಗಳಿಗೆ ನರವೈವಿಧ್ಯದ ತರಬೇತಿ ಬೇಕು. ಅದನ್ನು ನ್ಯೂರೋಡೈವರ್ಜೆಂಟ್ ಕೌನ್ಸೆಲರ್‌ಗಳೇ ರೂಪಿಸಬೇಕು. ಕೊನೆಯದು, 'ನಿಮಗೆ ಕೆಲಸ ಮಾಡಲು ಏನು ಬೇಕು?' ಅಂತ ಸೇರುವ ದಿನವೇ ಎಲ್ಲರನ್ನೂ ಕೇಳಬೇಕು. ಎಲ್ಲರನ್ನೂ ಕೇಳಿದರೆ ಯಾರೂ ಬೆತ್ತಲಾಗಬೇಕಿಲ್ಲ.

ಇದನ್ನು ಓದುತ್ತಿರುವ ನೀವು ಎಂಎಸ್‌ಡಬ್ಲ್ಯೂ ಅಥವಾ ಸೈಕಾಲಜಿ ಓದುತ್ತಿದ್ದರೆ, ಮುಂದಿನ ಇಂಟರ್‌ವ್ಯೂನಲ್ಲಿ ಸಂಬಳದ ಜೊತೆ ಇದನ್ನೂ ಕೇಳಿ: "ನನಗೆ ಸೂಪರ್‌ವಿಷನ್ ಯಾರು ಕೊಡ್ತಾರೆ? ಎಷ್ಟು ಗಂಟೆ?" ನೀವು ಕಾಲೇಜಿನಲ್ಲಿದ್ದು, ನಿಮ್ಮಲ್ಲಿ ಹೊಸದಾಗಿ ಕೌನ್ಸೆಲರ್ ಬಂದಿದ್ದರೆ, ಪ್ರಿನ್ಸಿಪಾಲರಿಗೆ ಅದೇ ಪ್ರಶ್ನೆ ಕೇಳಿ. ವಿದ್ಯಾರ್ಥಿ ಸಂಘಟನೆಗಳು ಕೌನ್ಸೆಲರ್ ನೇಮಕಕ್ಕಾಗಿ ಮನವಿ ಕೊಡುವಾಗ ಈ ಒಂದು ಸಾಲನ್ನೂ ಸೇರಿಸಲಿ.

ಇದನ್ನು ಬರೆಯುವ ಮೊದಲು ನನ್ನ ಈಗಿನ ಕೆಲಸದ ಜಾಗದಲ್ಲಿ ನನಗೆ ಎಡಿಎಚ್‌ಡಿ ಇದೆ ಅಂತ ಹೇಳಿದೆ. ಒಬ್ಬರು "ನೋಡಿದ್ರೆ ಗೊತ್ತೇ ಆಗಲ್ಲ" ಅಂದರು. ಇನ್ನೊಬ್ಬರು ಬಾಗಿಲು ಹಾಕಿ ಬಂದು, "ನಂಗೂ ಇರಬಹುದು ಅನ್ಸುತ್ತೆ, ಎಲ್ಲಿ ತೋರಿಸ್ದೆ?" ಅಂತ ಮೆಲ್ಲಗೆ ಕೇಳಿದರು. ಅವರು 14 ವರ್ಷದಿಂದ ಕೌನ್ಸೆಲರ್.